ಕೈಸಾಲೆಯ ಅಳತೆ

ಊರಿನ ಹೆಸರು ಮಠದಕೊಪ್ಪಲು. ಮಠವಿಲ್ಲ.
ಅರಸೀಕೆರೆ ಕಡೆಯ ಬಸ್ಸಿಳಿದು ಮೂರು ಮೈಲಿ ನಡೆದರೆ
ಮೂರು ಗರ್ಭದ ಗುಡಿ, ಗುಡಿಯ ಬೆನ್ನಿಗೆ ಈ ಚೌಕ:
ನಡುವೆ ಅಂಗಳ, ಸುತ್ತ ಕೈಸಾಲೆ,
ಕೈಸಾಲೆಗೆ ಬಾಯ್ದೆರೆದ ಹನ್ನೊಂದು ಕೋಣೆ.
ಹನ್ನೆರಡನೆಯದರ ಕಲ್ಲು ಕೆರೆಯ ತೂಬಿನಲ್ಲಿದೆ.

ಟೇಪಿನ ಒಂದು ತುದಿ ನನ್ನ ಕೈಲಿ,
ಇನ್ನೊಂದು ಸಣ್ಣೀರಮ್ಮನ ಹೆಬ್ಬೆರಳಡಿ.
ನಾಲ್ಕನೆಯ ಕೋಣೆಯಲ್ಲಿ ಆಕೆಯ ಹಸು.
"ಇದ ಅಳ್ದು ಯಾರಿಗ್ ಮಾರ್ತೀಯವ್ವ?"
ನಕ್ಕೆ. ಎಂಟಡಿ ಆರಂಗುಲ, ಬರೆದುಕೊಂಡೆ.

ಶಾಸನದ ಕಲ್ಲಿನ ಮೇಲೆ ಬಟ್ಟೆ ಒಗೆದೂ ಒಗೆದೂ
ಅರ್ಧ ಅಕ್ಷರ ನೊರೆಯ ಜೊತೆ ಹೋಗಿದೆ.
ಉಳಿದದ್ದೆಲ್ಲ ಲೆಕ್ಕ.
ತಪೋಧನರ ಆಹಾರದಾನಕ್ಕೆ ಇಷ್ಟು ಗದ್ದೆ,
ನಂದಾದೀವಿಗೆಗೆ ಗಾಣದ ಎಣ್ಣೆ,
ಅಡುಗೆಯವನಿಗೆ, ನೀರು ಹೊರುವವಳಿಗೆ,
ಮಕ್ಕಳಿಗೆ ಅಕ್ಷರ ಹೇಳುವವನಿಗೆ ಇಷ್ಟಿಷ್ಟು.
ಇದನ್ನಳಿದವನು ಗಂಗೆಯ ತಡಿಯಲ್ಲಿ
ಸಾವಿರ ಕವಿಲೆಯ ಕೊಂದ ಪಾಪದಲ್ಲಿ ಹೋಹನು.
ನಾಲ್ಕನೆಯ ಕೋಣೆಯ ಕವಿಲೆ
ಮೆಲುಕು ನಿಲ್ಲಿಸಲಿಲ್ಲ.

ಮೂರನೆಯ ದಿನ ಗೋಡೆಯ ಸುಳ್ಳು ಸಿಕ್ಕಿತು.
ಕೋಣೆಗೂ ಕೋಣೆಗೂ ನಡುವಿನ ಅಡ್ಡಗೋಡೆ
ಹಿಂಗೋಡೆಯನ್ನು ಕಚ್ಚಿಲ್ಲ, ಬರೀ ಒರಗಿದೆ;
ಸಂದಿಯಲ್ಲಿ ಬಸ್ಸಿನ ಟಿಕೆಟ್ಟು ಸಲೀಸಾಗಿ ತೂರಿತು.
ಗೋಡೆಯ ಹೊಟ್ಟೆಯಲ್ಲಿ ಅರ್ಧ ಹೂತ ಕಂಬ,
ತಿರುಗಣೆಯಲ್ಲಿ ಕಡೆದ ಬಳಪದ ಕಲ್ಲು.
ಗಾರೆ ಉದುರಿದಲ್ಲಿ ಬೆರಳಿಟ್ಟೆ:
ಅಲ್ಲೂ ನುಣುಪು.
ಮುಚ್ಚಿಹೋಗುವ ಕಂಬಕ್ಕೆ ಯಾರು ಮೆರುಗು ಕೊಡುತ್ತಾರೆ?

ಹಾಗಾದರೆ ಮೊದಲು ಕೋಣೆಯೇ ಇರಲಿಲ್ಲ.
ಒಂದೇ ಉದ್ದ ಸಾಲೆ. ಹನ್ನೆರಡು ಚಾಪೆ, ಒಂದು ಹಣತೆ.
ಒಬ್ಬ ಕೆಮ್ಮಿದರೆ ಹನ್ನೊಂದು ಜನಕ್ಕೆ ಎಚ್ಚರ.
ಎಷ್ಟು ಮಾಗಿ ಹೀಗೆ ಕಳೆಯಿತೋ,
ಒಬ್ಬ ಯಾರೋ ನಡುವೆ ಕಂಬಳಿ ಇಳಿಬಿಟ್ಟ.
ಕಂಬಳಿ ತಟ್ಟಿಯಾಯಿತು, ತಟ್ಟಿ ಮಣ್ಣಾಯಿತು,
ಮಣ್ಣು ಕಲ್ಲಾಯಿತು.
ಕಂಬಳಿ, ತಟ್ಟಿ ನನ್ನ ಊಹೆ; ವರದಿಯಲ್ಲಿ ಬರೆದಿಲ್ಲ.
ಬಾಗಿಲು ಬಂದದ್ದು ಊಹೆಯಲ್ಲ:
ಹೊಸ್ತಿಲಲ್ಲಿ ಕೀಲು ತಿರುಗಿ ಸವೆದ ಕುಳಿ ಇದೆ.
ಅಗುಳಿ ಬಂತು, ಒಳಗಿನಿಂದ.
ಆಮೇಲೆ ಹೊರಗಿನಿಂದ ಬೀಗಕ್ಕೊಂದು ತೂತು.

ಎಲ್ಲ ಬಿಟ್ಟು ಬಂದವರು
ಬೀಗ ಹಾಕಿ ಇಡುವಂಥದು ಏನಿತ್ತೋ, ಎಂದೆ.
"ನಿದ್ದೆ" ಎಂದಳು ಸಣ್ಣೀರಮ್ಮ,
ಯೋಚನೆ ಕೂಡ ಮಾಡದೆ.
"ಒಂದೇ ಅಂಕಣದಾಗೆ ಒಂಬತ್ ಜನ ಮಲಗೋ ಮನೆಗೆ
ಮದ್ವೆಯಾಗಿ ಬಂದೋಳು ನಾನು.
ಗೋಡೆ ಯಾಕ್ ಬಂತು ಅಂತ ನನ್ನ ಕೇಳು."

ಕೇಳಲಿಲ್ಲ. ಬಿಸಿಲು ಕೈಸಾಲೆಗೆ ವಾಲುತ್ತಿತ್ತು.
ಕಡೆಯ ಅಳತೆಗೆಂದು ಒಂಬತ್ತನೆಯ ಬಾಗಿಲ ಮುಂದಿನ
ಸಗಣಿ, ಒಣಹುಲ್ಲು ಗುಡಿಸಿದೆ.
ಕಲ್ಲಿನಲ್ಲಿ ಕುಳಿ. ಏಳು. ಅದರ ಕೆಳಗೆ ಮತ್ತೆ ಏಳು.
"ಔಷಧಿ ಅರೀತಿದ್ರೇನೋ" ಎಂದೆ ನಾನು, ಓದಿದವಳು.
ಆಕೆ ಸೊಂಟ ಹಿಡಿದುಕೊಂಡು ನಕ್ಕಳು.
ಅಳಗುಳಿಮಣೆ.

ಹಾಸುಗಲ್ಲು ಗೋಡೆಗಿಂತ ಹೊಸದು, ಎರಡು ಸಲ ನೋಡಿದೆ.
ಮೊದಲು ಗೋಡೆ, ಆಮೇಲೆ ಆಟ.
ಬೇಡಿ ಬೇಡಿ ಒಬ್ಬೊಬ್ಬರಾದ ಮೇಲೆ
ಒಳಗಿನ ಅಗುಳಿ ತಾವೇ ಸರಿಸಿ
ಇಬ್ಬರು ಇಲ್ಲಿಗೆ ಬಂದು ಕುಕ್ಕರಗಾಲಲ್ಲಿ ಕೂತಿದ್ದಾರೆ,
ಜಪದ ಹೊತ್ತಿಗೋ, ಜಪ ತಪ್ಪಿಸಿಯೋ.
ಅಂಚು ಇಷ್ಟು ಸವೆಯಬೇಕಾದರೆ
ಒಂದು ದಿನದ ಮಾತಲ್ಲ.

ವರದಿಯ ನಮೂನೆಯಲ್ಲಿ ಇದಕ್ಕೆ ಅಂಕಣವಿಲ್ಲ.
ನಕ್ಷೆಯಲ್ಲಿ ಹದಿನಾಲ್ಕು ಚುಕ್ಕಿ ಇಟ್ಟೆ;
ಕಚೇರಿಯಲ್ಲಿ ಅವನ್ನು ಶಾಯಿ ಸಿಡಿದದ್ದೆಂದು
ಅಳಿಸಿಯಾರು. ಅಳಿಸಲಿ.

ಸಣ್ಣೀರಮ್ಮ ಸೆರಗಿನ ಗಂಟು ಬಿಚ್ಚಿ
ಹುಣಿಸೆಬೀಜ ಎಣಿಸುತ್ತಿದ್ದಾಳೆ, ಕುಳಿಗೆ ಐದೈದು.
"ಅಳ್ದಿದ್ ಸಾಕು, ಕೂತ್ಕೊ."
ಅಂಗಳದ ಉದ್ದಕ್ಕೂ ಟೇಪು ಸುತ್ತದೆ ಬಿದ್ದಿದೆ.
ಮೊದಲ ಕೈ ನನ್ನದಂತೆ.